ಹಸು ಎಮ್ಮೆಗಳ ಕಷ್ಟಪ್ರಸವವೂ ಅದರ ಚಿಕಿತ್ಸೆಯೂ

(ಭೂಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ಸಭೆಗಾಗಿ ಬರೆದ ಉಪನ್ಯಾಸ)



ಒಕ್ಕಲು ಮನೆಯಲ್ಲಿ ಹಸುವೋ ಎಮ್ಮೆಯೋ ಗಬ್ಬವಾದುದು ತಿಳಿದ ದಿನದಿಂದಲೇ ಲೆಕ್ಕಾಚಾರವು ಮೊದಲಾಗುತ್ತದೆ. ಇಂತಹ ತಿಂಗಳಿನಲ್ಲಿ ಕರು ಹಾಕುವುದು, ಅಲ್ಲಿಂದ ಮುಂದೆ ಇಷ್ಟು ಹಾಲು, ಆ ಹಾಲಿನ ಹಣದಲ್ಲಿ ಸಾಲದ ಕಂತು, ಮಕ್ಕಳ ಶಾಲೆಯ ಖರ್ಚು ಎಂದು ಯಜಮಾನನೂ ಮನೆಯಾಕೆಯೂ ಮನಸ್ಸಿನಲ್ಲಿಯೇ ಎಣಿಸಿಕೊಳ್ಳುವರು. ದಿನಕ್ಕೆ 6 ಲೀಟರು ಕರೆಯುವ ಎಮ್ಮೆಯು 280 ದಿನ ಕರೆದರೆ 1,680 ಲೀಟರು ಹಾಲಾಗುವುದು. ಈ ಎಣಿಕೆಯೆಲ್ಲವೂ ಪ್ರಸವದ ಕೆಲವು ಗಂಟೆಗಳ ಮೇಲೆ ನಿಂತಿರುತ್ತದೆ. ಹತ್ತು ತಿಂಗಳು ಮೇವು ನೀರು ಕೊಟ್ಟು ಸಾಕಿದ ರಾಸು, ಆ ಕೆಲವು ಗಂಟೆಗಳಲ್ಲಿ ಒಳ್ಳೆಯ ಕರುವನ್ನು ಕೊಟ್ಟು ಎದ್ದು ನಿಲ್ಲಬಹುದು; ಇಲ್ಲವೇ ಕರುವನ್ನೂ ತನ್ನ ಪ್ರಾಣವನ್ನೂ ಕಳೆದುಕೊಳ್ಳಬಹುದು; ಅಥವಾ ಬದುಕಿಯೂ ಮತ್ತೆ ಗಬ್ಬ ಕಟ್ಟದೆ ಕೊಟ್ಟಿಗೆಗೆ ಹೊರೆಯಾಗಿ ಉಳಿಯಬಹುದು.

ಕಷ್ಟಪ್ರಸವದಲ್ಲಿ ನಷ್ಟವಾಗುವ ರಾಸುಗಳಲ್ಲಿ ಅನೇಕವು ಉಳಿಯಬಹುದಾದವುಗಳೇ ಆಗಿರುತ್ತವೆ. ಅವುಗಳ ನಾಶಕ್ಕೆ ಮುಖ್ಯವಾಗಿ ಎರಡು ತಪ್ಪುಗಳು ಕಾರಣ. ಕಾಯಬೇಕಾದ ಹೊತ್ತಿನಲ್ಲಿ ಆತುರಪಟ್ಟು ಎಳೆಯುವುದು ಒಂದು. ಕರೆಯಬೇಕಾದ ಹೊತ್ತಿನಲ್ಲಿ ವೈದ್ಯರನ್ನು ಕರೆಯದೆ ಸುಮ್ಮನೆ ಕಾಯುವುದು ಇನ್ನೊಂದು. ಎಲ್ಲಿಯವರೆಗೆ ಕಾಯಬೇಕು, ಯಾವಾಗ ಕರೆಯಬೇಕು ಎಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯ. ಇದಕ್ಕೆ ದೊಡ್ಡ ವಿದ್ಯೆಯು ಬೇಕಾಗಿಲ್ಲ. ಕಣ್ಣು, ಶುದ್ಧವಾದ ಕೈ ಮತ್ತು ಒಂದು ಗಡಿಯಾರ ಇದ್ದರೆ ಸಾಕು.

ಸಹಜ ಪ್ರಸವದ ಕ್ರಮ

ಕಷ್ಟವನ್ನು ಗುರುತಿಸಬೇಕಾದರೆ ಮೊದಲು ಸಹಜವಾದುದನ್ನು ಅರಿತಿರಬೇಕು. ಹಸುವಿನ ಗಬ್ಬದ ಅವಧಿಯು ಸುಮಾರು 280 ರಿಂದ 290 ದಿನಗಳು; ಎಮ್ಮೆಯದು ಸುಮಾರು 305 ರಿಂದ 315 ದಿನಗಳು. ಹೋರಿ ಕೊಡಿಸಿದ ಅಥವಾ ಕೃತಕ ಗರ್ಭಧಾರಣೆ ಮಾಡಿಸಿದ ದಿನವನ್ನು ಕೊಟ್ಟಿಗೆಯ ಗೋಡೆಯ ಮೇಲಾದರೂ ಬರೆದಿಟ್ಟರೆ, ಕರು ಹಾಕುವ ವಾರವು ಮೊದಲೇ ತಿಳಿಯುವುದು. ದಿನ ಹತ್ತಿರವಾದಂತೆ ಕೆಚ್ಚಲು ತುಂಬುವುದು, ಬಾಲದ ಬುಡದ ಎರಡು ಪಕ್ಕಗಳ ಕಟ್ಟುಗಳು ಸಡಿಲವಾಗಿ ಅಲ್ಲಿ ಗುಳಿ ಬೀಳುವುದು, ಈಯುವ ದ್ವಾರವು ಊದಿಕೊಂಡು ಲೋಳೆ ಇಳಿಯುವುದು.

ಪ್ರಸವದಲ್ಲಿ ಮೂರು ಘಟ್ಟಗಳಿರುತ್ತವೆ. ಮೊದಲನೆಯದರಲ್ಲಿ ಗರ್ಭಕೋಶದ ಬಾಯಿ ತೆರೆಯುತ್ತದೆ. ರಾಸು ಮಂದೆಯಿಂದ ದೂರ ಸರಿಯುವುದು, ಮೇವನ್ನು ಬಿಡುವುದು, ಮಲಗಿ ಏಳುವುದು, ಬಾಲವನ್ನು ಎತ್ತುವುದು, ಹಿಂದಕ್ಕೆ ತಿರುಗಿ ನೋಡುವುದು. ಈ ಘಟ್ಟವು ಸಾಮಾನ್ಯವಾಗಿ 2 ರಿಂದ 6 ಗಂಟೆಗಳ ಕಾಲ ನಡೆಯುವುದು. ಚೊಚ್ಚಲು ಕಡಸಿನಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯುವುದುಂಟು. ಆಗ ರಾಸನ್ನು ಮುಟ್ಟದೆ, ಗದ್ದಲ ಮಾಡದೆ, ದೂರದಿಂದ ನೋಡಿಕೊಳ್ಳತಕ್ಕದ್ದು. ಹತ್ತು ಜನರು ಸುತ್ತ ನಿಂತು ಮಾತನಾಡುತ್ತಿದ್ದರೆ ಬೆದರಿದ ರಾಸಿನ ಬೇನೆಯು ಹಿಂದೆಗೆಯುವುದು.

ಎರಡನೆಯ ಘಟ್ಟದಲ್ಲಿ ನೀರಿನ ಚೀಲವು ಹೊರಗೆ ಕಾಣಿಸಿಕೊಂಡು ಒಡೆಯುತ್ತದೆ, ರಾಸು ಬಲವಾಗಿ ಮುಕ್ಕರಿಯುತ್ತದೆ, ಕರು ಹೊರಬರುತ್ತದೆ. ಹಲವು ಸಲ ಈದ ಹಸುವಿನಲ್ಲಿ ಇದು ಅರ್ಧ ಗಂಟೆಯಿಂದ 2 ಗಂಟೆಗಳೊಳಗೆ ಮುಗಿಯುವುದು. ಕರು ಸರಿಯಾಗಿ ಬರುತ್ತಿದ್ದರೆ ಮೊದಲು ಎರಡು ಮುಂಗಾಲುಗಳು, ಗೊರಸಿನ ಅಡಿ ನೆಲದ ಕಡೆಗೆ ಇರುವಂತೆ, ಕಾಣಿಸುವುವು. ಅವುಗಳ ಮೇಲೆ ಮೂತಿಯು ಒರಗಿರುವುದು. ಬಾವಿಗೆ ಧುಮುಕುವ ಈಜುಗಾರನು ಕೈಗಳನ್ನು ಮುಂದೆ ಚಾಚಿ ತಲೆಯನ್ನು ಅವುಗಳ ನಡುವೆ ಇಟ್ಟುಕೊಳ್ಳುವನಷ್ಟೆ. ಕರುವೂ ಅದೇ ರೀತಿಯಲ್ಲಿ ಲೋಕಕ್ಕೆ ಇಳಿಯುತ್ತದೆ.

ಮೂರನೆಯ ಘಟ್ಟದಲ್ಲಿ ಮಾಸು ಬೀಳುತ್ತದೆ. ಇದನ್ನು ಕೆಲವು ಕಡೆ ಸತ್ತೆಯೆಂದೂ ಕೆಲವು ಕಡೆ ಕಸವೆಂದೂ ಕರೆಯುವರು. ಕರು ಹಾಕಿದ 12 ಗಂಟೆಗಳೊಳಗೆ ಇದು ಬೀಳಬೇಕು.

ಕಷ್ಟಕ್ಕೆ ಕಾರಣಗಳು

ಕಷ್ಟಪ್ರಸವದ ಕಾರಣಗಳನ್ನು ಮೂರು ಬಗೆಯಾಗಿ ತಿಳಿಯಬಹುದು: ಕರು ದಾರಿಗಿಂತ ದೊಡ್ಡದಾಗಿರುವುದು, ಕರು ತಪ್ಪಾಗಿ ತಿರುಗಿರುವುದು, ತಾಯಿಯಲ್ಲಿಯೇ ತೊಂದರೆ ಇರುವುದು.

ಕಡಸನ್ನು ಮೈ ತುಂಬುವುದಕ್ಕೆ ಮುಂಚೆಯೇ ಗಬ್ಬ ಮಾಡಿಸಿದ್ದರೆ ಸೊಂಟದ ಎಲುಬಿನ ದಾರಿಯು ಕಿರಿದಾಗಿರುತ್ತದೆ. ದೊಡ್ಡ ತಳಿಯ ಹೋರಿಯ ಬೀಜವನ್ನು ಸಣ್ಣ ತಳಿಯ ಕಡಸಿಗೆ ಕೊಡಿಸಿದರೂ ಇದೇ ಫಲ.

ಕರು ತಪ್ಪಾಗಿ ತಿರುಗಿರುವುದು ಹಲವು ವಿಧ. ಎರಡು ಕಾಲುಗಳು ಬಂದು ತಲೆಯು ಪಕ್ಕಕ್ಕೆ ಹೊರಳಿ ಹಿಂದೆ ಉಳಿಯುವುದು; ತಲೆಯೂ ಒಂದು ಕಾಲೂ ಬಂದು ಇನ್ನೊಂದು ಕಾಲು ಮೊಣಕಾಲಿನಲ್ಲಿ ಮಡಿಚಿಕೊಂಡಿರುವುದು; ಕರುವಿನ ಹಿಂಭಾಗವು ಮುಂದಾಗಿ ಬಾಲವೊಂದೇ ಕೈಗೆ ಸಿಕ್ಕುವುದು; ಅವಳಿ ಕರುಗಳಿದ್ದು, ಒಂದರ ಒಂದು ಕಾಲು, ಇನ್ನೊಂದರ ಒಂದು ಕಾಲು ಒಟ್ಟಿಗೆ ದಾರಿಗೆ ಬರುವುದು. ಈ ಕಡೆಯ ಸಂದರ್ಭದಲ್ಲಿ ಹೊರಗೆ ಕಾಣುವ ಎರಡು ಕಾಲುಗಳಿಗೆ ಹಗ್ಗ ಕಟ್ಟಿ ಎಳೆದರೆ ಎರಡು ಕರುಗಳನ್ನೂ ಒಂದೇ ಬಾಗಿಲಿನಲ್ಲಿ ಸಿಕ್ಕಿಸಿದಂತಾಗುವುದು. ಎಳೆಯುವುದರಿಂದ ಏನು ಅನರ್ಥವಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೆಲವು ಕರುಗಳು ಹಿಂಗಾಲು ಮುಂದಾಗಿ ಬರುವುವು. ಹೊರಗೆ ಕಂಡ ಗೊರಸಿನ ಅಡಿಯು ಆಕಾಶದ ಕಡೆಗಿದ್ದರೆ ಅವು ಹಿಂಗಾಲುಗಳೆಂದು ಶಂಕಿಸಬೇಕು. ನಿಶ್ಚಯಪಡಿಸಿಕೊಳ್ಳಲು ಸುಲಭವಾದ ಗುರುತೊಂದುಂಟು. ಗೊರಸಿನಿಂದ ಮೇಲಕ್ಕೆ ಹೋದಾಗ ಸಿಕ್ಕುವ ದೊಡ್ಡ ಕೀಲುಗಳೆರಡೂ ಒಂದೇ ಕಡೆಗೆ ಬಾಗಿದರೆ ಅದು ಮುಂಗಾಲು. ಒಂದು ಕೀಲು ಒಂದು ಕಡೆಗೂ ಇನ್ನೊಂದು ವಿರುದ್ಧವಾದ ಕಡೆಗೂ ಬಾಗಿದರೆ ಅದು ಹಿಂಗಾಲು. ಕೊಟ್ಟಿಗೆಯಲ್ಲಿ ನಿಂತಿರುವ ಯಾವುದಾದರೂ ಕರುವಿನ ಕಾಲುಗಳನ್ನು ಮಡಿಸಿ ನೋಡಿದರೆ ಈ ವಿಷಯವು ಕೂಡಲೇ ಮನದಟ್ಟಾಗುವುದು. ಹಿಂಗಾಲು ಮುಂದಾಗಿ ಬರುವ ಕರುವಿಗೆ ಅಪಾಯ ಹೆಚ್ಚು. ತಲೆಯು ಇನ್ನೂ ಒಳಗಿರುವಾಗಲೇ ಹೊಕ್ಕುಳ ಬಳ್ಳಿಯು ಅದುಮಿಕೊಂಡು, ಕರುವು ಉಸಿರೆಳೆಯಲು ಹೋಗಿ ನೀರನ್ನು ಒಳಗೆ ಸೇದಿಕೊಳ್ಳುವುದು. ಆದುದರಿಂದ ಇಂತಹ ಪ್ರಸವಕ್ಕೆ ವೈದ್ಯರನ್ನು ಕೂಡಲೇ ಕರೆಯತಕ್ಕದ್ದು.

ತಾಯಿಯ ತೊಂದರೆಗಳಲ್ಲಿ ಹಾಲುಜ್ವರವು ಒಂದು. ಹೆಸರು ಜ್ವರವೆಂದಿದ್ದರೂ ಮೈ ಬಿಸಿಯಾಗುವುದಿಲ್ಲ. ಹೆಚ್ಚು ಹಾಲು ಕೊಡುವ ರಾಸಿನ ರಕ್ತದಲ್ಲಿ ಸುಣ್ಣದ ಅಂಶವು ಒಮ್ಮೆಗೇ ಕಡಮೆಯಾಗಿ, ಮುಕ್ಕರಿಯುವ ಬಲವು ಕುಗ್ಗುತ್ತದೆ. ಕಿವಿಗಳು ತಣ್ಣಗಾಗುವುವು, ರಾಸು ಕತ್ತನ್ನು ಪಕ್ಕೆಯ ಕಡೆಗೆ ಮಡಿಚಿಕೊಂಡು ಮಲಗುವುದು. ವೈದ್ಯರು ರಕ್ತನಾಳದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಅನೇಕ ವೇಳೆ ಸ್ವಲ್ಪ ಹೊತ್ತಿನಲ್ಲಿಯೇ ಚೇತರಿಸಿಕೊಳ್ಳುವುದು. ತಡಮಾಡಿದರೆ ಪ್ರಾಣಕ್ಕೆ ಅಪಾಯ.

ಎಮ್ಮೆಯ ಗರ್ಭಕೋಶವು ತಿರುಚಿಕೊಳ್ಳುವುದು

ತಾಯಿಯ ತೊಂದರೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನವಿಡಬೇಕಾದುದು ಗರ್ಭಕೋಶವು ತಿರುಚಿಕೊಳ್ಳುವುದು. ನಮ್ಮ ದೇಶದ ಎಮ್ಮೆಗಳ ಕಷ್ಟಪ್ರಸವಕ್ಕೆ ಇದು ಬಹಳ ಮುಖ್ಯವಾದ ಕಾರಣ. ಧಾನ್ಯ ತುಂಬಿದ ಚೀಲದ ಬಾಯನ್ನು ಹಿಡಿದು ಚೀಲವನ್ನು ಒಂದು ಸುತ್ತು ತಿರುಗಿಸಿದರೆ ಬಾಯಿಯು ಹೇಗೆ ಮುಚ್ಚಿಕೊಳ್ಳುವುದೋ ಹಾಗೆಯೇ ಕರುವನ್ನು ಹೊತ್ತ ಗರ್ಭಕೋಶವು ತನ್ನಷ್ಟಕ್ಕೆ ಉರುಳಿ, ದಾರಿಯು ಹುರಿಗೊಂಡು ಮುಚ್ಚಿಹೋಗುತ್ತದೆ. ಇದು ಹೆಚ್ಚಾಗಿ ಪ್ರಸವದ ಸಮಯದಲ್ಲಿ ಅಥವಾ ಅದಕ್ಕೆ ಸಮೀಪದ ದಿನಗಳಲ್ಲಿ ಸಂಭವಿಸುವುದು. ಬಲಗಡೆಗೆ ತಿರುಚಿಕೊಳ್ಳುವುದೇ ಅಧಿಕ.

ಇದರ ಲಕ್ಷಣಗಳು ಮೋಸಗೊಳಿಸತಕ್ಕವು. ಎಮ್ಮೆಗೆ ದಿನ ತುಂಬಿರುವುದು, ಕೆಚ್ಚಲಿಗೆ ಹಾಲು ಇಳಿದಿರುವುದು, ಬೇನೆಯು ಬಂದಂತೆ ಮಲಗಿ ಏಳುವುದು, ಹೊಟ್ಟೆಯನ್ನು ಒದ್ದುಕೊಳ್ಳುವುದು. ಆದರೆ ನೀರಿನ ಚೀಲವು ಮಾತ್ರ ಕಾಣಿಸುವುದಿಲ್ಲ. ಕೆಲವು ಗಂಟೆಗಳ ಮೇಲೆ ಬೇನೆಯು ನಿಂತುಹೋದಂತೆಯೂ ಆಗಬಹುದು. ಆಗ ಮನೆಯವರು, ಇನ್ನೂ ಹೊತ್ತು ಬಂದಿಲ್ಲ, ನಾಳೆ ಹಾಕುವುದು ಎಂದು ಸಮಾಧಾನ ಹೊಂದುವರು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಸಂಜೆ 6 ಗಂಟೆಗೆ ಎಮ್ಮೆಗೆ ಬೇನೆ ತೋರಿತು. ರಾತ್ರಿ 12 ಗಂಟೆಯಾದರೂ ನೀರಿನ ಚೀಲವು ಬರಲಿಲ್ಲ. ಒಬ್ಬ ರೈತನು ಆಗಲೇ ವೈದ್ಯರಿಗೆ ಹೇಳಿ ಕಳುಹಿಸುವನು. ಇನ್ನೊಬ್ಬನು ಬೆಳಗಾಗಲೆಂದು ಮಲಗುವನು. ಬೆಳಗ್ಗೆ ಎಮ್ಮೆಯು ಸುಮ್ಮನೆ ನಿಂತಿರುವುದನ್ನು ಕಂಡು ಹೊಲಕ್ಕೆ ಹೋಗುವನು. ಮರುದಿನ ಅದು ಮೇವನ್ನು ಪೂರ್ತಿಯಾಗಿ ಬಿಟ್ಟು ಮಂಕಾದ ಮೇಲೆ ಎಚ್ಚರಗೊಳ್ಳುವನು. ಮೊದಲನೆಯವನ ಎಮ್ಮೆಯ ಕರು ಬದುಕುವ ಸಂಭವವುಂಟು. ಎರಡನೆಯವನ ಎಮ್ಮೆಯಲ್ಲಿ ರಕ್ತದ ಓಟವು ಕಟ್ಟಿ, ಕರು ಸತ್ತು, ಗರ್ಭಕೋಶವು ಊದಿ ತಾಯಿಯನ್ನು ಉಳಿಸಿಕೊಳ್ಳುವುದೇ ಕಷ್ಟವಾಗುವುದು. ಇಬ್ಬರ ಎಮ್ಮೆಗಳಿಗೂ ಬಂದ ತೊಂದರೆ ಒಂದೇ. ಕರೆದ ಹೊತ್ತು ಮಾತ್ರ ಬೇರೆ.

ತಿರುಚಿದ ಗರ್ಭಕೋಶವನ್ನು ಸರಿಮಾಡುವ ಕ್ರಮವು ಗ್ರಾಮಸ್ಥರು ಕಂಡರೆ ಆಶ್ಚರ್ಯಪಡತಕ್ಕದ್ದಾಗಿದೆ. ವೈದ್ಯರು ಕೈಯಿಟ್ಟು ಪರೀಕ್ಷಿಸಿ ಯಾವ ಕಡೆಗೆ ತಿರುಚಿದೆಯೆಂಬುದನ್ನು ನಿರ್ಧರಿಸುವರು. ಆಮೇಲೆ ಎಮ್ಮೆಯನ್ನು ಅದೇ ಪಕ್ಕಕ್ಕೆ ಮಲಗಿಸಿ, ಮುಂಗಾಲುಗಳೆರಡನ್ನು ಒಟ್ಟಾಗಿಯೂ ಹಿಂಗಾಲುಗಳೆರಡನ್ನು ಒಟ್ಟಾಗಿಯೂ ಕಟ್ಟುವರು. ಸುಮಾರು 10 ಅಡಿ ಉದ್ದದ ಅಗಲವಾದ ಹಲಗೆಯ ಒಂದು ತುದಿಯನ್ನು ನೆಲದ ಮೇಲಿಟ್ಟು, ಹಲಗೆಯನ್ನು ಹೊಟ್ಟೆಯ ಮೇಲೆ ಒರಗಿಸಿ, ಅದರ ಮೇಲೆ ಒಬ್ಬನನ್ನು ನಿಲ್ಲಿಸುವರು. ಹಲಗೆಯು ಒಳಗಿನ ಕರುವನ್ನು ಅಲುಗದಂತೆ ಹಿಡಿದಿರುವಾಗ, ಉಳಿದವರು ಎಮ್ಮೆಯ ಮೈಯನ್ನು ತಿರುಚಿದ ದಿಕ್ಕಿಗೇ ನಿಧಾನವಾಗಿ ಉರುಳಿಸುವರು. ಹೀಗೆ ಮೈಯೇ ತಿರುಗಿ ಗರ್ಭಕೋಶವನ್ನು ಸೇರಿಕೊಳ್ಳುವುದು, ಹುರಿಯು ಬಿಚ್ಚುವುದು. ಈ ಕೆಲಸವನ್ನು ವೈದ್ಯರಿಲ್ಲದೆ ಎಂದಿಗೂ ಮಾಡಕೂಡದು. ದಿಕ್ಕು ತಪ್ಪಿದರೆ ಇದ್ದ ಹುರಿಯು ಇನ್ನಷ್ಟು ಬಿಗಿಯುವುದು. ಆದರೆ ವೈದ್ಯರು ಬಂದಾಗ ಹಲಗೆ, ಹಗ್ಗ ಮತ್ತು ಆರೇಳು ಮಂದಿ ಬಲಿಷ್ಠರು ಸಿದ್ಧವಾಗಿದ್ದರೆ ಅರ್ಧ ಕೆಲಸವು ಆದಂತೆಯೇ.

ವೈದ್ಯರನ್ನು ಕರೆಯತಕ್ಕ ಹೊತ್ತು

ಈ ಕೆಳಗಿನ ಯಾವುದೇ ಒಂದು ಸಂಗತಿ ಕಂಡರೂ ತಡಮಾಡದೆ ಪಶುವೈದ್ಯರಿಗೆ ತಿಳಿಸತಕ್ಕದ್ದು.

1. ಬೇನೆಯ ಲಕ್ಷಣಗಳು ತೋರಿ 6 ಗಂಟೆಗಳಾದರೂ ನೀರಿನ ಚೀಲವು ಕಾಣದಿರುವುದು. ಬೇನೆಯು ಬಂದು ನಿಂತುಹೋಗುವುದು.
2. ರಾಸು ಬಲವಾಗಿ ಮುಕ್ಕರಿಯುತ್ತಿದ್ದು, ಅರ್ಧ ಗಂಟೆಯಿಂದ 1 ಗಂಟೆಯವರೆಗೆ ಏನೂ ಮುಂದುವರಿಯದಿರುವುದು.
3. ನೀರಿನ ಚೀಲವು ಕಂಡು 2 ಗಂಟೆಗಳಾದರೂ ಕರು ಹೊರಬರದಿರುವುದು.
4. ಒಂದೇ ಕಾಲು, ತಲೆಯೊಂದೇ, ಬಾಲವೊಂದೇ, ಅಥವಾ ಅಡಿ ಮೇಲಾದ ಗೊರಸುಗಳು ಕಾಣುವುದು.
5. ದುರ್ವಾಸನೆಯ ನೀರು ಅಥವಾ ಹೆಚ್ಚು ರಕ್ತ ಇಳಿಯುವುದು.
6. ಪ್ರಸವದ ಮೊದಲೋ ಆಮೇಲೋ ರಾಸು ಏಳಲಾರದೆ ಮಲಗಿಬಿಡುವುದು.
7. ಕರು ಹಾಕಿದ ಮೇಲೆ ಗರ್ಭಕೋಶವೇ ಹೊರಬೀಳುವುದು.

ಏಳನೆಯ ಸಂದರ್ಭದಲ್ಲಿ ವೈದ್ಯರು ಬರುವವರೆಗೆ ಹೊರಬಿದ್ದ ಭಾಗವನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಎತ್ತಿ ಹಿಡಿಯಬೇಕು. ನಾಯಿ ಕಾಗೆಗಳು ಹತ್ತಿರ ಬರದಂತೆ ನೋಡಿಕೊಳ್ಳಬೇಕು. ರಾಸನ್ನು ನಡೆಸಕೂಡದು.

ಕರ್ನಾಟಕದಲ್ಲಿ 1962 ಎಂಬ ಉಚಿತ ದೂರವಾಣಿ ಸಂಖ್ಯೆಗೆ ತಿಳಿಸಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ಪಡೆಯಲು ಅವಕಾಶವಿದೆ. ತಿಳಿಸುವಾಗ ಬೇನೆಯು ಎಷ್ಟು ಗಂಟೆಗೆ ಮೊದಲಾಯಿತು, ನೀರಿನ ಚೀಲವು ಒಡೆಯಿತೇ ಇಲ್ಲವೇ, ಹೊರಗೆ ಏನು ಕಾಣುತ್ತಿದೆ, ಇದು ಎಷ್ಟನೆಯ ಸೂಲು ಎಂಬ ನಾಲ್ಕು ವಿಷಯಗಳನ್ನು ಸ್ಪಷ್ಟವಾಗಿ ಹೇಳತಕ್ಕದ್ದು. ಇದರಿಂದ ವೈದ್ಯರು ಬೇಕಾದ ಸಾಮಗ್ರಿಯೊಡನೆ ಬರಲು ಅನುಕೂಲವಾಗುವುದು.

ವೈದ್ಯರು ಬರುವವರೆಗೆ ಮಾಡಬೇಕಾದುದೂ ಮಾಡಬಾರದುದೂ

ರಾಸನ್ನು ಒಣಗಿದ, ಜಾರದ ನೆಲದಲ್ಲಿ, ಶುದ್ಧವಾದ ಹುಲ್ಲಿನ ಮೇಲೆ ನಿಲ್ಲಿಸಬೇಕು. ಕಾಯಿಸಿ ಆರಿಸಿದ ನೀರು ಎರಡು ಬಕೆಟ್ಟು, ಸಾಬೂನು, ಒಗೆದ ಬಟ್ಟೆ ಮತ್ತು ಒಳ್ಳೆಯ ದೀಪವನ್ನು ಸಿದ್ಧಪಡಿಸಬೇಕು. ಹಿಂಭಾಗವನ್ನು ಸಾಬೂನು ನೀರಿನಿಂದ ತೊಳೆದು ಬಾಲವನ್ನು ಪಕ್ಕಕ್ಕೆ ಕಟ್ಟಬೇಕು.

ಸಗಣಿ ಬಾಚಿದ ಕೈಯನ್ನೇ ಒಳಗೆ ಹಾಕುವುದು ವಿಷವನ್ನು ಹಾಕಿದಂತೆ. ಒಬ್ಬನಾದ ಮೇಲೆ ಒಬ್ಬನು ಕೈಹಾಕಿ ನೋಡುವ ಪದ್ಧತಿಯನ್ನು ಸಂಪೂರ್ಣವಾಗಿ ಬಿಡಬೇಕು. ಪ್ರತಿ ಸಲವೂ ದಾರಿಯು ಒಣಗಿ, ಊದಿ, ವೈದ್ಯರು ಬರುವ ಹೊತ್ತಿಗೆ ಅವರ ಕೈಗೂ ಎಡೆಯಿಲ್ಲದಂತಾಗುವುದು. ನೀರಿನ ಚೀಲವನ್ನು ಉಗುರಿನಿಂದಲೋ ಕತ್ತಿಯಿಂದಲೋ ಆತುರವಾಗಿ ಒಡೆಯಕೂಡದು. ದಾರಿಯನ್ನು ತೆರೆಯುವುದಕ್ಕೂ ನುಣುಪಾಗಿಡುವುದಕ್ಕೂ ಪ್ರಕೃತಿಯೇ ಅದನ್ನು ಕೊಟ್ಟಿದೆ. ಮಲಗಿರುವ ರಾಸಿನ ಬಾಯಿಗೆ ಎಣ್ಣೆ, ಕಷಾಯ ಮೊದಲಾದುವನ್ನು ಗೊಟ್ಟದಿಂದ ಹೊಯ್ಯಕೂಡದು. ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಾಂತವಾಗಬಹುದು. ಬೇನೆ ಬರಿಸುವ ಚುಚ್ಚುಮದ್ದನ್ನು ಅಂಗಡಿಯಿಂದ ತಂದು ಕೊಡಿಸುವುದಂತೂ ಅತ್ಯಂತ ಅಪಾಯಕರ. ದಾರಿಯು ಮುಚ್ಚಿರುವಾಗ ಬೇನೆಯನ್ನು ಹೆಚ್ಚಿಸಿದರೆ ಗರ್ಭಕೋಶವೇ ಹರಿದುಹೋಗಬಹುದು.

ಎರಡು ಮುಂಗಾಲುಗಳೂ ಮೂತಿಯೂ ಸರಿಯಾಗಿ ಬಂದಿದ್ದು, ದಾರಿಯು ತೆರೆದಿದ್ದು, ತಾಯಿಯು ದಣಿದಿದ್ದರೆ ಮಾತ್ರ ಸ್ವಲ್ಪ ಸಹಾಯ ಮಾಡಬಹುದು. ಕುದಿಸಿ ತೆಗೆದ ಮೆತ್ತನೆಯ ನೂಲಿನ ಹಗ್ಗವನ್ನು ಕರುವಿನ ಗೊರಸಿನ ಮೇಲಿನ ಗೆಣ್ಣಿಗಿಂತ ಮೇಲಕ್ಕೆ ಕಟ್ಟಬೇಕು. ತಾಯಿಯು ಮುಕ್ಕರಿದಾಗ ಮಾತ್ರ ಎಳೆಯಬೇಕು. ಅದು ನಿಲ್ಲಿಸಿದಾಗ ಎಳೆಯುವುದನ್ನು ನಿಲ್ಲಿಸಬೇಕು. ಎರಡು ಕಾಲುಗಳನ್ನೂ ಒಮ್ಮೆಗೇ ಎಳೆಯದೆ, ಒಂದಾದ ಮೇಲೆ ಒಂದನ್ನು ಎಳೆದರೆ ಭುಜಗಳು ಓರೆಯಾಗಿ ಸುಲಭವಾಗಿ ಹೊರಬರುವುವು. ತಲೆ ಬಂದ ಮೇಲೆ ಎಳೆತವು ತಾಯಿಯ ಹಿಂಗಾಲುಗಳ ಕಡೆಗೆ, ಅಂದರೆ ಕೆಳಮುಖವಾಗಿ ಇರಬೇಕು. ಇಬ್ಬರ ಬಲಕ್ಕೆ ಬಾರದ ಕರುವನ್ನು ಹತ್ತು ಮಂದಿಯ ಬಲದಿಂದಲೋ, ಎತ್ತುಗಳನ್ನು ಹೂಡಿಯೋ, ಟ್ರಾಕ್ಟರಿಗೆ ಕಟ್ಟಿಯೋ ಎಳೆಯುವುದು ಘೋರವಾದ ಕೆಲಸ. ಹಾಗೆ ಎಳೆದಲ್ಲಿ ಕರುವಿನ ಕಾಲು ಮುರಿಯುವುದು, ತಾಯಿಯ ನರಗಳು ಜಜ್ಜಿ ಹಿಂಭಾಗವು ಬಿದ್ದುಹೋಗುವುದು, ಗರ್ಭಕೋಶವು ಹರಿಯುವುದು.

ವೈದ್ಯರ ಕೆಲಸ

ವೈದ್ಯರು ಬಂದ ಕೂಡಲೇ ಎಳೆಯುವುದಿಲ್ಲವೆಂದು ಕೆಲವರು ಅಸಮಾಧಾನಪಡುವುದುಂಟು. ತಪ್ಪಾಗಿ ತಿರುಗಿದ ಕರುವನ್ನು ಮೊದಲು ಹಿಂದಕ್ಕೆ, ಒಳಕ್ಕೆ ತಳ್ಳಿ, ಅಲ್ಲಿ ಸ್ಥಳ ಮಾಡಿಕೊಂಡು, ಮಡಿಚಿದ ಕಾಲನ್ನು ಅಥವಾ ಹೊರಳಿದ ತಲೆಯನ್ನು ನೇರಗೊಳಿಸಬೇಕಾಗುವುದು. ಬೇಕಾದರೆ ಬಾಲದ ಬುಡದಲ್ಲಿ ಮರವಿನ ಮದ್ದನ್ನು ಕೊಟ್ಟು ಮುಕ್ಕರಿಯುವುದನ್ನು ತಡೆಯುವರು. ಇವು ಯಾವುವೂ ಸಾಲದಿದ್ದರೆ ಪಕ್ಕೆಯನ್ನು ಮರವುಗೊಳಿಸಿ, ಹೊಟ್ಟೆಯನ್ನು ಕೊಯ್ದು ಕರುವನ್ನು ತೆಗೆದು ಹೊಲಿಯುವರು. ಅನೇಕ ಹಸುಗಳು ನಿಂತಿರುವಂತೆಯೇ ಈ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳುವುವು. ಹೊಟ್ಟೆ ಕೊಯ್ದ ರಾಸು ಬದುಕದೆಂಬ ಭಯವು ಎಲ್ಲ ವೇಳೆಯಲ್ಲಿಯೂ ಸರಿಯಲ್ಲ. ಬಲವಿರುವಾಗಲೇ ಶಸ್ತ್ರಚಿಕಿತ್ಸೆಯಾದ ರಾಸು ಚೇತರಿಸಿಕೊಂಡು ಹಾಲು ಕೊಡುವುದು. ಎರಡು ದಿನ ನರಳಿ ಎಲ್ಲರ ಎಳೆತಕ್ಕೆ ಸಿಕ್ಕ ರಾಸಿಗೆ ಅದು ಕಡೆಯ ಪ್ರಯತ್ನ ಮಾತ್ರವಾಗುವುದು.

ಮಾಸೂ ಗಿಣ್ಣೂ

ಮಾಸು ಬೇಗ ಬೀಳಲೆಂದು ನೇತಾಡುವ ಭಾಗಕ್ಕೆ ಕಲ್ಲನ್ನೋ ಹಳೆಯ ಕೆರವನ್ನೋ ಕಟ್ಟುವ ಪದ್ಧತಿ ಕೆಲವು ಕಡೆ ಉಂಟು. ಇದರಿಂದ ಗರ್ಭಕೋಶವೇ ಜಗ್ಗಿ ಹೊರಬೀಳಬಹುದು. ಕೈಹಾಕಿ ಕಿತ್ತು ತೆಗೆಯುವುದರಿಂದ ಒಳಗೆ ಗಾಯವಾಗಿ ಕೀವಾಗಬಹುದು. 12 ಗಂಟೆಗಳಾದರೂ ಬೀಳದಿದ್ದರೆ ವೈದ್ಯರಿಗೆ ತಿಳಿಸುವುದೇ ಸರಿ. ರಾಸು ಮೇವು ಬಿಟ್ಟರೆ, ಮೈ ಬಿಸಿಯಾದರೆ, ನಾತ ಬಂದರೆ ಒಂದು ಗಳಿಗೆಯೂ ತಡಮಾಡಕೂಡದು.

ಮಾಸು ಬೀಳುವವರೆಗೆ ಕರುವಿಗೆ ಗಿಣ್ಣುಹಾಲನ್ನು ಬಿಡಕೂಡದೆಂಬ ನಂಬಿಕೆಯು ಬಹಳ ಮನೆಗಳಲ್ಲಿದೆ. ಇದರಿಂದ ಆಗುವ ಹಾನಿಯು ಎರಡು ಬಗೆ. ಕರುವು ಹುಟ್ಟುವಾಗ ರೋಗವನ್ನು ತಡೆಯುವ ಶಕ್ತಿಯನ್ನು ತನ್ನೊಡನೆ ತಂದಿರುವುದಿಲ್ಲ, ಅದೆಲ್ಲವೂ ಗಿಣ್ಣಿನಲ್ಲಿರುತ್ತದೆ. ಆ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿದಂತೆಯೇ. ಇದಲ್ಲದೆ ಕರುವು ಮೊಲೆಯುಣ್ಣುವಾಗ ತಾಯಿಯ ಗರ್ಭಕೋಶವು ಕುಗ್ಗುವುದಾದ್ದರಿಂದ ಮಾಸು ಬೀಳುವುದಕ್ಕೂ ಅದು ಸಹಾಯಕ. ಯಾವುದಕ್ಕಾಗಿ ಕಾಯುವರೋ ಅದನ್ನೇ ಈ ಕಾಯುವಿಕೆಯು ತಡಮಾಡುವುದು. ಆದುದರಿಂದ ಹುಟ್ಟಿದ 1 ರಿಂದ 2 ಗಂಟೆಗಳೊಳಗೆ ಗಿಣ್ಣನ್ನು ಕುಡಿಸತಕ್ಕದ್ದು. ಮೊದಲ ದಿನದಲ್ಲಿ ಕರುವಿನ ತೂಕದ ಹತ್ತರಲ್ಲೊಂದು ಪಾಲಿಗೆ ಕಡಮೆಯಾಗಕೂಡದು. 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರು ಬೇಕು.

ಕರು ಹುಟ್ಟಿದೊಡನೆ ಮೂಗು ಬಾಯಿಗಳ ಲೋಳೆಯನ್ನು ಒರಸಬೇಕು. ಉಸಿರಾಡದಿದ್ದರೆ ಹುಲ್ಲಿನ ಕಡ್ಡಿಯಿಂದ ಮೂಗಿನ ಹೊಳ್ಳೆಯನ್ನು ಕೆಣಕಿ, ಒಣ ಗೋಣಿಯಿಂದ ಎದೆಯನ್ನು ಚೆನ್ನಾಗಿ ಉಜ್ಜಬೇಕು. ಹೊಕ್ಕುಳ ಬಳ್ಳಿಯನ್ನು ಎರಡು ಅಂಗುಲ ಬಿಟ್ಟು, ಶುದ್ಧವಾದ ದಾರದಿಂದ ಕಟ್ಟಿ, ಕಾಯಿಸಿದ ಕತ್ತರಿಯಿಂದ ಕತ್ತರಿಸಿ, ಟಿಂಚರ್ ಅಯೊಡಿನ್ ಹಚ್ಚಬೇಕು. ಸಗಣಿಯನ್ನಾಗಲಿ ಬೂದಿಯನ್ನಾಗಲಿ ಮೆತ್ತಕೂಡದು.

ಮನುಷ್ಯರ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯ. ಬ್ರೂಸೆಲ್ಲೋಸಿಸ್ ಎಂಬ ರೋಗದಿಂದ ರಾಸುಗಳು ದಿನ ತುಂಬುವ ಮೊದಲೇ ಕಂದು ಹಾಕುವುವು. ಮಾಸು ಮತ್ತು ಗರ್ಭದ ನೀರಿನ ಮೂಲಕ ಅದು ಮನುಷ್ಯರಿಗೂ ಅಂಟಿ, ಬಿಟ್ಟು ಬಿಟ್ಟು ಬರುವ ಜ್ವರವನ್ನೂ ಕೀಲುನೋವನ್ನೂ ಉಂಟುಮಾಡುವುದು. ಬರಿಗೈಯಿಂದ ಇವನ್ನು ಮುಟ್ಟಕೂಡದು. ರಬ್ಬರು ಕೈಚೀಲ ಹಾಕಿಕೊಳ್ಳಬೇಕು. ಬಸುರಿಯರು ಈ ಕೆಲಸಕ್ಕೆ ಬರಲೇಕೂಡದು. ಮಾಸನ್ನು ತಿಪ್ಪೆಗೆ ಎಸೆಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ, ನಾಯಿಗಳು ಕೆದಕದಂತೆ ಹೂಳಬೇಕು. 2019 ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಯೋಜನೆಯಂತೆ 4 ರಿಂದ 8 ತಿಂಗಳ ವಯಸ್ಸಿನ ಹೆಣ್ಣುಕರುಗಳಿಗೆ ಈ ರೋಗದ ವಿರುದ್ಧ ಒಂದು ಸಲ ಲಸಿಕೆ ಹಾಕಲಾಗುವುದು. ಇದನ್ನು ಯಾರೂ ತಪ್ಪಿಸಿಕೊಳ್ಳಬಾರದು.

ಮೊದಲೇ ವಹಿಸತಕ್ಕ ಎಚ್ಚರಿಕೆ

ಕಷ್ಟಪ್ರಸವವನ್ನು ತಡೆಯುವ ಕೆಲಸವು ಗಬ್ಬಕ್ಕೆ ಮುಂಚೆಯೇ ಆರಂಭವಾಗಬೇಕು. ಮೈಸೂರು ಸೀಮೆಯ ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳ ಹಸುಗಳು ಬಯಲಿನಲ್ಲಿ ಮೇಯುತ್ತಲೇ ಸುಲಭವಾಗಿ ಕರು ಹಾಕತಕ್ಕವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಸ್ಥಾಪಿತವಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಮಂದೆಗಳು ಕಾವಲುಗಳಲ್ಲಿ ಹೀಗೆಯೇ ಬೆಳೆದುವು. ಹಾಲಿನ ಆಸೆಯಿಂದ ವಿದೇಶದ ತಳಿಗಳ ಬೀಜವನ್ನು ತಂದಾಗ ಮೈಯಳತೆಯ ವಿಚಾರವನ್ನೂ ಮಾಡಬೇಕಾಯಿತು. ಹಾಲ್‌ಸ್ಟೀನ್ ಕರುವು ಹುಟ್ಟುವಾಗಲೇ ಸುಮಾರು 40 ಕಿಲೋ ತೂಗುವುದು; ಜರ್ಸಿ ಕರುವು ಸುಮಾರು 25 ಕಿಲೋ. ಮಲೆನಾಡು ಗಿಡ್ಡ ಹಸುವಿನಂತಹ ಪುಟ್ಟ ಮೈಯ ರಾಸಿಗೆ ಹಾಲ್‌ಸ್ಟೀನ್ ಬೀಜವನ್ನು ಕೊಡಿಸುವುದು ಕಿರಿದಾದ ಬಾಗಿಲಿನಲ್ಲಿ ಅಗಲವಾದ ಮಂಚವನ್ನು ತೂರಿಸಲು ಹೋದಂತೆ.

ಕಡಸನ್ನು ವಯಸ್ಸಿನಿಂದಲೇ ಅಳೆಯದೆ ಮೈಯಿಂದ ಅಳೆಯಬೇಕು. ಆ ತಳಿಯ ಪೂರ್ಣ ಬೆಳೆದ ಹಸುವಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲಾದರೂ ಬಂದ ಮೇಲೆ ಗಬ್ಬ ಮಾಡಿಸುವುದು ಕ್ಷೇಮ. ಗಬ್ಬದ ಕಡೆಯ ಎರಡು ತಿಂಗಳು ಹಾಲು ಕರೆಯುವುದನ್ನು ನಿಲ್ಲಿಸಿ, ಹಸಿರು ಮೇವನ್ನೂ ಹದವಾದ ಹಿಂಡಿಯನ್ನೂ ಕೊಟ್ಟು, ದಿನವೂ ಸ್ವಲ್ಪ ನಡೆದಾಡಿಸಬೇಕು. ಆದರೆ ಕೊಬ್ಬಿಸಕೂಡದು, ಕೊಬ್ಬಿದ ರಾಸಿನ ದಾರಿಯು ಕಿರಿದಾಗುವುದು. ತುಂಬಿದ ಗಬ್ಬದ ಎಮ್ಮೆಯನ್ನು ಕಡಿದಾದ ಏರಿಯ ಮೇಲೆ ಓಡಿಸುವುದು, ಹಾಯುವ ರಾಸುಗಳೊಡನೆ ಬಿಡುವುದು ತಕ್ಕುದಲ್ಲ.

ಕುರಿ, ಮೇಕೆ, ಬೆಕ್ಕು ಮೊದಲಾದ ಸಣ್ಣ ಪ್ರಾಣಿಗಳಿಗೂ ಕಾಯುವ ಹೊತ್ತು, ಕರೆಯುವ ಹೊತ್ತು ಎಂಬ ಈ ವಿಚಾರವೇ ಅನ್ವಯಿಸುವುದು. ಹೊತ್ತಿನ ಅಳತೆ ಮಾತ್ರ ಬೇರೆ. ಕಣಜವನ್ನು ಇಲಿಗಳಿಂದ ಕಾಯುವ ಬೆಕ್ಕು ಸುಮಾರು 63 ರಿಂದ 65 ದಿನಗಳಲ್ಲಿ ಮರಿ ಹಾಕುವುದು. ಅದು ಅರ್ಧ ಗಂಟೆ ಬಲವಾಗಿ ಮುಕ್ಕರಿದರೂ ಮರಿ ಬಾರದಿದ್ದರೆ ತೊಂದರೆಯುಂಟೆಂದು ತಿಳಿಯಬೇಕು. ಒಂದೆರಡು ಮರಿ ಹಾಕಿ, ನೆಮ್ಮದಿಯಾಗಿ ಮಲಗಿ ಮೊಲೆಯೂಡಿಸುತ್ತಾ ಮತ್ತೆ ಮುಂದುವರಿಸುವುದು ಮಾತ್ರ ಬೆಕ್ಕಿಗೆ ಸಹಜ. ಮುಕ್ಕರಿಕೆಯುಂಟೇ ಇಲ್ಲವೇ ಎಂಬುದೇ ಮುಖ್ಯವಾದ ಗುರುತು.

ಮುಖಂಡರ ಕರ್ತವ್ಯ

ಇಲ್ಲಿ ಹೇಳಿದುದರಲ್ಲಿ ಬಹುಭಾಗವನ್ನು ಒಬ್ಬೊಬ್ಬ ರೈತನೂ ತನ್ನ ಮನೆಯಲ್ಲಿ ನಡೆಸಬಹುದು. ಆದರೆ ನಡುರಾತ್ರಿಯಲ್ಲಿ ಬೇನೆ ಬಂದ ಎಮ್ಮೆಯನ್ನು ಬಡ ವಿಧವೆಯೊಬ್ಬಳು ಒಬ್ಬಳೇ ಉರುಳಿಸಲಾರಳು; ಹಲಗೆಯನ್ನು ಆಗ ಹುಡುಕಲಾರಳು. ಇಲ್ಲಿ ಗ್ರಾಮದ ಮುಖಂಡರ ನೆರವು ಬೇಕು.

ಪ್ರತಿ ಗ್ರಾಮದಲ್ಲಿಯೂ ಹಾಲಿನ ಸಂಘದಲ್ಲಿಯೋ ಪಂಚಾಯತಿಯ ಕಟ್ಟಡದಲ್ಲಿಯೋ ಒಂದು ಪೆಟ್ಟಿಗೆಯನ್ನು ಇಡಬಹುದು. ಅದರಲ್ಲಿ ಮೆತ್ತನೆಯ ನೂಲಿನ ಹಗ್ಗಗಳು, ಸಾಬೂನು, ರಬ್ಬರು ಕೈಚೀಲಗಳು, ಟಿಂಚರ್ ಅಯೊಡಿನ್ ಮತ್ತು ಒಂದು ಕೈದೀಪ ಇದ್ದರೆ ಸಾಕು. ಪಕ್ಕದಲ್ಲಿ 10 ಅಡಿಯ ಗಟ್ಟಿ ಹಲಗೆಯೊಂದು ಇರಲಿ. ಗೋಡೆಯ ಮೇಲೆ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನೂ, ಗ್ರಾಮದ ಗಬ್ಬದ ರಾಸುಗಳ ಪಟ್ಟಿಯನ್ನೂ, ಅವು ಕರು ಹಾಕುವ ಸುಮಾರಾದ ದಿನಗಳನ್ನೂ ಬರೆದಿಡಬಹುದು. ರಾತ್ರಿ ಕರೆದರೆ ಬರತಕ್ಕ ಆರು ಮಂದಿ ಯುವಕರ ಹೆಸರನ್ನು ಮೊದಲೇ ಗೊತ್ತುಮಾಡಬಹುದು. ಇದೆಲ್ಲಕ್ಕೂ ತಗಲುವ ಖರ್ಚು ಒಂದು ಕರುವಿನ ಬೆಲೆಗಿಂತ ಕಡಮೆ.

ಇನ್ನೊಂದು ಕೆಲಸವು ಮುಖಂಡರಿಂದಲೇ ಆಗತಕ್ಕದ್ದು. ಯಾರ ಮನೆಯಲ್ಲಿ ರಾಸು ಕಷ್ಟಪಡುತ್ತಿದ್ದರೂ ಬಲವಾದ ತೋಳಿನವರು ಮೊದಲು ಹಗ್ಗ ಹಿಡಿದು ಓಡಿಬರುವರು. ಅವರ ಸದುದ್ದೇಶವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂತಹ ಸಮಯದಲ್ಲಿ ಮರ್ಯಾದಸ್ಥನಾದ ಒಬ್ಬನು ಮುಂದೆ ನಿಂತು, ಬೇನೆ ಮೊದಲಾಗಿ ಎಷ್ಟು ಹೊತ್ತಾಯಿತು, ವೈದ್ಯರಿಗೆ ತಿಳಿಸಿದೆಯೇ ಎಂದು ಕೇಳಿದರೆ ಎಲ್ಲರ ಕೈಯೂ ಒಂದು ಗಳಿಗೆ ನಿಲ್ಲುವುದು. ಆ ಒಂದು ಗಳಿಗೆಯಿಂದ ಎಷ್ಟೋ ರಾಸುಗಳು ಉಳಿಯಬಲ್ಲವು. ಈ ಎರಡು ಪ್ರಶ್ನೆಗಳನ್ನು ಕೇಳುವ ವಾಡಿಕೆಯನ್ನು ಪ್ರತಿಯೊಬ್ಬ ಮುಖಂಡನೂ ತನ್ನ ಗ್ರಾಮದಲ್ಲಿ ನೆಲೆಗೊಳಿಸಿದಲ್ಲಿ ಈ ಉಪನ್ಯಾಸದ ಉದ್ದೇಶವು ನೆರವೇರಿದಂತಾಗುವುದು.